ನೀಲಾಂಬಿಕೆಯ ವರ್ಗಾವಣೆ ಆದೇಶ

ಎಣ್ಣೆಬೀಜ ಸಂಘದ ಕಚೇರಿಯ ಕಂಪ್ಯೂಟರುಗಳಲ್ಲಿ ಒಂದು ಸೋಮವಾರ ಮೆನು ಪೂರ್ತಿ ಬದಲಾಗಿತ್ತು. ಹಳೆಯ ಹೆಸರುಗಳಿದ್ದ ಜಾಗದಲ್ಲೆಲ್ಲ ಪುಟ್ಟಪುಟ್ಟ ಚಿತ್ರಗಳು. ಯಾವುದು ಎಲ್ಲಿದೆಯೋ ಯಾರಿಗೂ ತಿಳಿಯಲಿಲ್ಲ.

ಮ್ಯಾನೇಜರ್ ವೀರಭದ್ರಗೌಡರು ಗುಡುಗಿದರು: "ಸಂಜಿಯೊಳಗ ಕಲೀರಿ. ಬರಲಿಲ್ಲ ಅಂದ್ರ ಊರಾಚೆ ಗೋದಾಮಿಗೆ ವರ್ಗಾ!"

ಸಂಜೆ ಟೈಪಿಸ್ಟ್ ನೀಲಾಂಬಿಕೆ ಎದ್ದು ನಿಂತು, "ನನಗ ಇನ್ನೂ ಬಂದಿಲ್ರಿ" ಎಂದಳು.

"ಹಂಗಾರ ನಿನ್ನ ವರ್ಗಾವಣೆ ಆದೇಶ ನೀನ ಟೈಪ್ ಮಾಡಿ ಪ್ರಿಂಟ್ ತೆಗಿ. ಸಹಿ ಹಾಕ್ತೀನಿ."

‘ಹೊಸ ಮೆನು ಬಳಸಲು ಬಾರದ ಕಾರಣ ವರ್ಗಾಯಿಸಲಾಗಿದೆ’ ಎಂದು ಟೈಪ್ ಮಾಡಿ ಅವಳು ಕೈಕಟ್ಟಿ ಕೂತಳು.

"ಎಲ್ಲಿ ಪ್ರಿಂಟು?" ಗೌಡರು ಬಂದು ಕೇಳಿದರು.

"ಸಾಹೇಬ್ರ, ಹೊಸ ಮೆನುವಿನಾಗ ಪ್ರಿಂಟ್ ಹುಡುಕಿ ತೆಗದೆ ಅಂದ್ರ ನನಗ ಅದು ಬಂತು ಅಂತಾತು. ಆದೇಶ ಸುಳ್ಳಾತು. ತೆಗೀಲಿಲ್ಲ ಅಂದ್ರ ಆದೇಶನ ಹೊರಗ ಬರಂಗಿಲ್ಲ. ಏನ್ ಮಾಡ್ಲಿ, ನೀವ ಹೇಳ್ರಿ."

ಗೌಡರು ಅವಳನ್ನು ಎಬ್ಬಿಸಿ ತಾವೇ ಕೂತರು. ಒಂದು ಚಿತ್ರ ಒತ್ತಿದರೆ ಅಕ್ಷರವೆಲ್ಲ ಕುಂಬಳಕಾಯಿಯಷ್ಟು ದಪ್ಪಗಾಯಿತು. ಗಾಬರಿಯಲ್ಲಿ ಇನ್ನೊಂದು ಒತ್ತಿದರು, ಆದೇಶವೇ ಮಾಯವಾಯಿತು.

ಇಡೀ ಕಚೇರಿ ತುಟಿ ಕಚ್ಚಿ ನಿಂತಿತ್ತು. ಕೊನೆಗೆ ನಗು ತಡೆಯಲಾಗದೆ ಹೋದದ್ದು ಗೌಡರಿಗೇ.

"ಯಾರಿಗೂ ವರ್ಗಾ ಇಲ್ಲ. ಕಲಿಸಾಕ ಒಬ್ಬ ಮಾಸ್ತರನ್ನ ಕರಸ್ತೀನಿ" ಎಂದವರು ದನಿ ತಗ್ಗಿಸಿದರು. "ನೀಲಾಂಬಿಕಾ, ನಿನ್ನ ಪಕ್ಕದಾಗ ನನಗೂ ಒಂದು ಕುರ್ಚಿ ಹಿಡಿದಿಡವಾ."