ಅಂಗಳದಲ್ಲಿ ಬಿತ್ತಿದ ಹೊಲ

ಕೂತವರು ಕಾಲು ಚಾಚಿಕೊಳ್ಳಿ, ಇದು ಅವಸರದ ಕತೆಯಲ್ಲ. ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಕೆರೆಯಾಚೆ ಒಂದು ರಾಗಿ ಹೊಲ, ಮನೆಯಲ್ಲಿ ಒಬ್ಬ ಮಗ, ಮುದ್ದರಂಗ. ಹೊಲ ಒಳ್ಳೆಯದು. ಮಗನೂ ಒಳ್ಳೆಯವನೇ, ಹೇಳಿದ ಮಾತು ಮೀರುವವನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹಾಲು ಉಕ್ಕುತ್ತದೆ ನೋಡಿಕೊಂಡಿರು ಎಂದರೆ, ಉಕ್ಕಿ ಒಲೆ ಆರುವ ತನಕ ರೆಪ್ಪೆ ಬಡಿಯದೆ ನೋಡಿ, ಚೆನ್ನಾಗಿ ಉಕ್ತು ಕಣವ್ವ ಎಂದು ಬಂದು ಹೇಳುವನು.

ದೊಡ್ಡತಾಯಮ್ಮ ದಿನಾ ಸಂಜೆ ದೀಪ ಹಚ್ಚುವಳು, ಮನೆದೇವರು ಬೆಟ್ಟದ ರಂಗಸ್ವಾಮಿಗೆ ಕೈ ಮುಗಿಯುವಳು, ಮುಗಿದ ಕೈಯಲ್ಲೇ ಬೈಯುವಳು. "ಬುದ್ಧಿ ಹಂಚುವಾಗ ನನ್ನ ಮಗ ಸಾಲಲ್ಲಿ ನಿಂತಿದ್ದು ಕಾಣಲಿಲ್ಲವೇನಪ್ಪ? ಅಷ್ಟುದ್ದ ನಾಮ ಹಾಕ್ಕೊಂಡು ಯಾವ ಕಡೆ ನೋಡ್ತಿದ್ದೆ?" ಬೈದು ಮುಗಿಸಿ ದೀಪಕ್ಕೆ ಇನ್ನೊಂದು ಹನಿ ಎಣ್ಣೆ ಬಿಡುವಳು.

ಅವಳ ಮೈದುನ ಗಿಡ್ಡೇಗೌಡ. ಅವನ ಹೊಲ ಪಕ್ಕದ್ದೇ, ಕಣ್ಣು ಮಾತ್ರ ಇವಳ ಹೊಲದ ಮೇಲೆ. ಉಗಾದಿ ಕಳೆಯುತ್ತಲೇ ಬಂದು ಜಗಲಿಯ ಮೇಲೆ ಕೂತ. "ನೋಡು ಅತ್ತಿಗೆ, ಅಣ್ಣ ಹೋದಾಗಿಂದ ಹೊಲ ಬೀಳು ಬಿದ್ದದೆ. ಈ ವರ್ಷ ನಿನ್ನ ಮಗ ಬೆಳೆದರೆ ಬೆಳೀಲಿ. ಎಲ್ಲಿ ಖಾಲಿ ಕಾಣ್ತದೋ ಅಲ್ಲಿ ನನ್ನ ನೇಗಿಲು ಇಳೀತದೆ."

ಒಂದು ಸಲ ಇಳಿದ ಅವನ ನೇಗಿಲು ಮತ್ತೆ ಮೇಲೇಳುವುದಿಲ್ಲವೆಂದು ದೊಡ್ಡತಾಯಮ್ಮನಿಗೆ ಗೊತ್ತು. ಆಗ ಹೋಬಳಿಯಲ್ಲಿ ಹೊಸದಾಗಿ ಬೇಸಾಯಕ್ಕೆ ಇಳಿಯುವವರಿಗೆ ತರಬೇತಿ ನಡೆಯುತ್ತಿತ್ತು. ಸೋಮವಾರ ಸೋಮವಾರ ಒಬ್ಬ ಮೇಡಮ್ಮು ಬಂದು, ಬೇಸಾಯವೂ ಒಂದು ವ್ಯಾಪಾರವೇ, ಮೊದಲು ಯೋಜನೆ ಆಮೇಲೆ ನೇಗಿಲು ಎಂದು ಕಲಿಸುವರು. ದೊಡ್ಡತಾಯಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ, ಮೇಡಮ್ಮು ಹೇಳಿದ್ದನ್ನು ಹೇಳಿದ ಹಾಗೇ ಮಾಡು ಎಂದು ಕಳಿಸಿದಳು. ಕಳಿಸಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮೊದಲ ಪಾಠ: ನಮಗೆ ಇಷ್ಟ ಬಂದದ್ದು ಬೆಳೆಯಬಾರದು, ಸಂತೆಗೆ ಹೋಗಿ ಜನಕ್ಕೆ ಏನು ಬೇಕೆಂದು ಕೇಳಿ ಬೆಳೆಯಬೇಕು. ಮುದ್ದರಂಗ ಸಂತೆಗೆ ಹೋದ. ಚೈತ್ರದ ಬಿಸಿಲು, ನಡುಮಧ್ಯಾಹ್ನ. ಬೆವರು ಸುರಿಸುತ್ತ ನಿಂತವರನ್ನೆಲ್ಲ, ನಿಮಗೇನು ಬೇಕು ಎಂದು ಕೇಳಿದ. ಎಲ್ಲರೂ ಒಂದೇ ಮಾತು ಹೇಳಿದರು. ಮನೆಗೆ ಬಂದವನು ಹಿಗ್ಗಿ ಹೀರೆಕಾಯಿ.

"ಅವ್ವ, ಈ ವರ್ಷ ನಾವು ನೆರಳು ಬೆಳೀಬೇಕು. ಸಂತೆಯಲ್ಲಿ ಅದಕ್ಕೇ ಗಿರಾಕಿ."

ದೊಡ್ಡತಾಯಮ್ಮ ಹಣೆ ಚಚ್ಚಿಕೊಂಡಳು. ಸಂತೆಯವರ ಮಾತು ಬಿಡು, ನಮ್ಮ ಮಣ್ಣಿಗೆ ಏನು ಬೇಕೋ ಅದನ್ನು ಕೇಳಿಕೊಂಡು ಬಾ ಎಂದಳು.

ಮುಂದಿನ ಸೋಮವಾರ ಮಣ್ಣಿನ ಪಾಠವೇ. ಅವನು ಒಯ್ದ ಮಣ್ಣನ್ನು ಪರೀಕ್ಷೆ ಮಾಡಿಸಿ ಮೇಡಮ್ಮು, ನಿಮ್ಮ ಹೊಲ ಹಸಿದಿದೆ ಮುದ್ದರಂಗ, ಮೊದಲು ಅದರ ಹೊಟ್ಟೆ ತುಂಬಿಸಿ ಎಂದರು. ಮಾರನೆಯ ದಿನ ದೊಡ್ಡತಾಯಮ್ಮ ನೀರಿಗೆ ಹೋಗಿ ಬರುವಷ್ಟರಲ್ಲಿ ಮುದ್ದೆಯ ತಪ್ಪಲೆ ಇಲ್ಲ, ಸಾರಿನ ಗಡಿಗೆಯೂ ಇಲ್ಲ. ಹೊಲಕ್ಕೆ ಓಡಿ ನೋಡುತ್ತಾಳೆ, ಸಾಲಾಗಿ ಮುತ್ತುಗದ ಎಲೆ ಹಾಸಿದ್ದಾನೆ, ಎಲೆಗೊಂದು ಮುದ್ದೆ, ಮುದ್ದೆಯ ಮೇಲೆ ಹುರುಳಿ ಸಾರು. ಊರ ನಾಯಿ, ಊರ ಕಾಗೆ ಎಲ್ಲ ಪಂಕ್ತಿಯಲ್ಲಿ ಕೂತಿವೆ. ಮಗ ಕೈ ಕಟ್ಟಿ ನಿಂತು, ನಿಧಾನವಾಗಿ ಊಟ ಮಾಡು ತಾಯಿ ಎಂದು ಭೂಮಿಗೆ ಉಪಚಾರ ಹೇಳುತ್ತಿದ್ದಾನೆ.

"ಊಟ ಅಲ್ಲವೋ, ಗೊಬ್ಬರ! ಹಸಿವು ಅಂದರೆ ಸಾಕು, ತಿಪ್ಪೆಗೆ ಹೋಗು, ಮಂಕರಿ ತುಂಬು, ತಂದು ಸುರಿ. ತಿಳೀತಾ?"

"ತಿಳೀತು ಕಣವ್ವ."

ತಿಳಿದೇಬಿಟ್ಟಿತು. ಎರಡು ದಿನಕ್ಕೆ ಗಿಡ್ಡೇಗೌಡ ಹೊಲ ನೋಡುವ ನೆವ ಮಾಡಿಕೊಂಡು ಊಟದ ಹೊತ್ತಿಗೆ ಸರಿಯಾಗಿ ಬಂದ. ದೊಡ್ಡತಾಯಮ್ಮ ಎಲೆ ಹಾಕಿ ಒಳಗೆ ಹೋದಳು. ಗಿಡ್ಡೇಗೌಡ ಹೊಟ್ಟೆ ಸವರಿಕೊಂಡು, ಹಸಿವು ಕಣಪ್ಪ ಮುದ್ದರಂಗ ಎಂದ. ಮುದ್ದರಂಗ ಎದ್ದ, ತಿಪ್ಪೆಗೆ ಹೋದ, ಮಂಕರಿ ತುಂಬಿದ, ತಂದು ಸುರಿದ. ಎಲೆ ಮುಚ್ಚಿತು, ಚಿಕ್ಕಪ್ಪನ ಪಂಚೆಯೂ ಮುಚ್ಚಿತು. ಅವನು ಕೊಡವಿಕೊಂಡು ಎದ್ದು, ಹೊಲ ಹೇಗೆ ಉಳಿಸಿಕೊಳ್ಳುತ್ತೀರೋ ನೋಡುತ್ತೇನೆ ಎಂದು ಹೊರಟುಹೋದ.

ಅವತ್ತು ದೊಡ್ಡತಾಯಮ್ಮನಿಗೆ ಬೈಯಲು ಉಸಿರೇ ಸಾಲಲಿಲ್ಲ. ನಗು ಬೇರೆ ಬಂದು ಅಡ್ಡ ನಿಲ್ಲುತ್ತಿತ್ತು. ಕೊನೆಗೆ ಸಮಾಧಾನ ತಂದುಕೊಂಡು ಹೇಳಿದಳು: "ನಮ್ಮಲ್ಲಿಗೆ ಬಂದವರು ಯಾರೇ ಆಗಲಿ ಮಗ, ಕಾಲಿಗೆ ನೀರು ಕೊಡಬೇಕು, ನೆರಳಲ್ಲಿ ನಿಲ್ಲಿಸಬೇಕು, ಇರೋದರಲ್ಲಿ ಒಳ್ಳೇದನ್ನು ಮುಂದಿಡಬೇಕು."

ಮಳೆ ಬಿತ್ತು. ಮೇಡಮ್ಮು ನಕ್ಷೆಯ ಪಾಠ ಮಾಡಿದರು. ಎಲ್ಲಿ ರಾಗಿ, ಎಲ್ಲಿ ಅವರೆಯ ಸಾಲು ಎಂದು ಮೊದಲೇ ಬರೆದುಕೊಳ್ಳಿ, ನಕ್ಷೆ ಬಿಟ್ಟು ಒಂದು ಕಾಳೂ ಆಚೆ ಬೀಳಬಾರದು. ದೊಡ್ಡತಾಯಮ್ಮ ತಂಗಿಯ ಮಗಳ ಬಾಣಂತನಕ್ಕೆ ಹೋಗಬೇಕಾಗಿತ್ತು. ಬೀಜವನ್ನೆಲ್ಲ ಮಗನ ಕೈಗೆ ಕೊಟ್ಟು, ರಂಗಸ್ವಾಮಿಗೆ ಇವನನ್ನು ನೋಡಿಕೋ ಎಂದು ಹೇಳಿ ಹೋದಳು. ಸ್ವಾಮಿಯೂ ನೋಡಿಕೊಂಡ, ಮುದ್ದರಂಗ ಹಾಲು ನೋಡಿಕೊಂಡ ಹಾಗೆ.

ತಿರುಗಿ ಬಂದಾಗ ಅವಳಿಗೆ ಮನೆಯ ಬಾಗಿಲೇ ಸಿಕ್ಕಲಿಲ್ಲ. ಅಂಗಳವನ್ನೆಲ್ಲ ಅಗೆದು, ರಂಗೋಲಿ ಪುಡಿಯಲ್ಲಿ ಹೊಲದ ನಕ್ಷೆ ಬರೆದು, ಹೊಲಕ್ಕೆಂದು ಕೊಟ್ಟ ಬೀಜವನ್ನೆಲ್ಲ ಒಂದು ಕಾಳೂ ಆಚೆ ಬೀಳದಂತೆ ನಕ್ಷೆಯೊಳಗೇ ಬಿತ್ತಿದ್ದ. ರಾಗಿ ಪೈರು ಚಾಪೆ ಹಾಸಿದಂತೆ ಎದ್ದು ನಿಂತಿತ್ತು. ಕೆರೆಯಾಚೆ ಹೊಲ ಖಾಲಿ.

ದೊಡ್ಡತಾಯಮ್ಮ ಪೊರಕೆ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಪೈರು ದಟ್ಟವಾಗಿತ್ತು, ಗೇಣುದ್ದ ಇತ್ತು, ಕಿತ್ತು ನೆಡುವ ಹದದಲ್ಲಿತ್ತು. ಅವಳ ಮಾವನ ಕಾಲದಲ್ಲಿ ಹೀಗೇ ಒಂದು ಮಡಿಯಲ್ಲಿ ಸಸಿಗೆಂದು ಒಟ್ಲು ಬಿಟ್ಟು, ಆ ಪೈರನ್ನು ಹೊಲದಲ್ಲಿ ನಾಟಿ ಹಾಕುತ್ತಿದ್ದರು. ಪೊರಕೆ ಬಿಸಾಡಿ ಕೇರಿಯ ಹೆಂಗಸರನ್ನು ಮುಯ್ಯಾಳು ಕರೆದಳು. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾನು ನಿಮ್ಮ ಹೊಲಕ್ಕೆ. ಶ್ರಾವಣದ ಸೋನೆಯಲ್ಲಿ ನಾಟಿ ಮುಗಿಯಿತು. ಹೊಲ ಹಸಿರಾಯಿತು. ಗಿಡ್ಡೇಗೌಡನ ಮುಖ ಕಪ್ಪಾಯಿತು.

ಒಂದು ದಿನ ಅವನ ಎತ್ತುಗಳು ಇವರ ಹೊಲಕ್ಕೆ ನುಗ್ಗಿದವು. ತಾವಾಗಿಯೇ ನುಗ್ಗಿದವೋ ಯಾರಾದರೂ ಬಿಟ್ಟರೋ, ಬಲ್ಲವನು ರಂಗಸ್ವಾಮಿ. ಕಾವಲಿಗಿದ್ದ ಮುದ್ದರಂಗ ಏನು ಮಾಡಿದ? ಎಂಟು ಕಾಲಿಗೂ ನೀರು ಹಾಕಿ ತೊಳೆದ, ಹೊಂಗೆಯ ನೆರಳಲ್ಲಿ ನಿಲ್ಲಿಸಿದ, ಇದ್ದುದರಲ್ಲಿ ಒಳ್ಳೆಯ ಪೈರು ಕೊಯ್ದು ಮುಂದಿಟ್ಟ. ದೊಡ್ಡತಾಯಮ್ಮ ಬಂದು ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಒಂದು ಮೂಲೆ ಬೋಳು.

"ಹೊಲಕ್ಕೆ ನುಗ್ಗಿದ್ದು ಯಾವುದೇ ಆಗಲಿ, ಹಗ್ಗ ಹಾಕಿ ದೊಡ್ಡಿಗೆ ಕೂಡಬೇಕು ಕಣೋ! ಹುಲ್ಲು ನೀರು ಅಲ್ಲಿ ಇಡು. ಬಿಡಿಸಿಕೊಳ್ಳೋರು ಊರ ಮುಂದೆ ನಿಂತು, ನಮ್ಮದು ಇಂಥವರ ಹೊಲಕ್ಕೆ ನುಗ್ತು, ಇನ್ನು ಬಿಡೋದಿಲ್ಲ ಅಂತ ಸ್ವಾಮಿ ಆಣೆ ಇಡಬೇಕು. ಆಮೇಲೇ ಹಗ್ಗ ಬಿಚ್ಚು. ಅದು ನಮ್ಮೂರ ಕಟ್ಟಳೆ."

"ಯಾವುದೇ ಆಗಲಿ ತಾನೇ ಅವ್ವ?"

"ಯಾವುದೇ ಆಗಲಿ."

ಕಾರ್ತೀಕದಲ್ಲಿ ತೆನೆ ಬಲಿಯಿತು. ಒಂದು ದಿನ ಹೊತ್ತೇರಿದ ಮೇಲೆ ದೊಡ್ಡತಾಯಮ್ಮ ಗುಡಿಯಿಂದ ಬರುತ್ತಿದ್ದಾಳೆ, ಗಿಡ್ಡೇಗೌಡ ಬೆಳಗಾಗುತ್ತಲೇ ನೇಗಿಲು ಕಟ್ಟಿಕೊಂಡು ಹೊಲದ ಕಡೆ ಹೋದನೆಂದು ಸುದ್ದಿ ಬಂತು. ಆ ಬೋಳು ಮೂಲೆ ಖಾಲಿ ಕಾಣುತ್ತದಲ್ಲ, ಅಲ್ಲಿಂದ ಇಳಿಸುವುದಂತೆ. ದೊಡ್ಡತಾಯಮ್ಮ ಸೆರಗು ಕಟ್ಟಿ ಓಡಿದಳು. ಹೊಲದಲ್ಲಿ ಯಾರೂ ಇಲ್ಲ. ಬೋಳು ಮೂಲೆಯಲ್ಲಿ ನೇಗಿಲು ಮಗುಚಿ ಬಿದ್ದಿತ್ತು.

ದೊಡ್ಡಿಯ ಹತ್ತಿರ ಊರೇ ನೆರೆದಿತ್ತು. ಒಳಗೆ ಮೂರು ಗೂಟ. ಎರಡಕ್ಕೆ ಎತ್ತು, ಮೂರನೆಯದಕ್ಕೆ ಗಿಡ್ಡೇಗೌಡ. ಮುಂದೆ ಒಂದು ಹೊರೆ ಹಸಿ ಹುಲ್ಲು, ಒಂದು ಬಾನಿ ನೀರು. ಗಿಡ್ಡೇಗೌಡ ಕೂಗುವಷ್ಟು ಕೂಗಿ ದನಿ ಬಿದ್ದು ಕೂತಿದ್ದ. ಬಿಚ್ಚಲು ಹೋದವರಿಗೆಲ್ಲ ಮುದ್ದರಂಗ ಒಂದೇ ಮಾತು ಹೇಳುತ್ತಿದ್ದ, ವಾರಸುದಾರರು ಬರಬೇಕು.

ವಾರಸುದಾರರು ಬಂದರು. ಗಿಡ್ಡೇಗೌಡನ ಹೆಂಡತಿ ಚೌಡಮ್ಮ, ಒಲೆಯ ಮೇಲಿನ ಮುದ್ದೆ ಇಳಿಸಿ ಬಂದವಳು. ಗಂಡನನ್ನು ನೋಡಿದಳು, ಎತ್ತು ನೋಡಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತಳು. ಆಮೇಲೆ ಗುಡಿಯ ದಿಕ್ಕಿಗೆ ಕೈ ಮುಗಿದು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮವು ನುಗ್ಗಿದ್ದು ಮುದ್ದರಂಗನ ಹೊಲಕ್ಕೆ. ಹೊಲ ಅವನದು. ಇನ್ನು ಮೇಲೆ ನುಗ್ಗೋಕೆ ಬಿಟ್ಟರೆ ರಂಗಸ್ವಾಮಿ ಆಣೆ."

ಊರು ಕೇಳಿಸಿಕೊಂಡಿತು. ದೊಡ್ಡತಾಯಮ್ಮ ಬೈಯಲೆಂದು ತೆರೆದ ಬಾಯಿಯನ್ನು ಮುಚ್ಚಿಕೊಂಡು, ಸ್ವಾಮಿಗೆ ಮೊದಲ ಸಲ ಬರಿದೇ ಕೈ ಮುಗಿದಳು.

ಮುದ್ದರಂಗ ಮೂರು ಗೂಟದಿಂದಲೂ ಹಗ್ಗ ಬಿಚ್ಚಿ, ಮೂರರ ತುದಿಯನ್ನೂ ಚಿಕ್ಕಮ್ಮನ ಕೈಗೆ ಕೊಟ್ಟು, ಮೂರನೆಯದರ ಬೆನ್ನು ತಟ್ಟಿದ.

"ಇದನ್ನ ಸ್ವಲ್ಪ ನೋಡ್ಕೋ ಚಿಕ್ಕಮ್ಮ. ಬೆಳಗ್ಗೆಯಿಂದ ನೀರು ಕುಡಿದದೆ, ಹುಲ್ಲು ಮಾತ್ರ ಮೂಸಿ ನೋಡಿಲ್ಲ."