ಹುಳು ತಿಂದ ಅಕ್ಷರ

“ಮೇಷ್ಟ್ರೇ, ಹುಳು ತಿಂದ ಜಾಗಕ್ಕೆ ಒಳ್ಳೆ ಮಾತನ್ನೇ ತುಂಬಿದ್ರೆ ಅದೂ ತಪ್ಪಾ?” ಎಂದು ನೀಲಾಂಬಿಕೆ ಕೇಳಿದಳು.

ಧರಣೇಂದ್ರಯ್ಯನವರು ಕನ್ನಡಕ ತೆಗೆದು ಅವಳ ಮುಖ ನೋಡಿದರು. ವಿಶ್ವವಿದ್ಯಾಲಯದಲ್ಲಿ ಹಳೆಯ ಕಾವ್ಯಗಳನ್ನು ಓದುವ ಕೂಟವೊಂದಿತ್ತು. ಪ್ರತಿ ಗುರುವಾರ ಹತ್ತು ಹನ್ನೆರಡು ಮಂದಿ ಸೇರಿ ಒಂದೇ ಓಲೆಗರಿಯ ಕಟ್ಟನ್ನು ಸಾಲುಸಾಲಾಗಿ ಬಿಡಿಸುತ್ತಿದ್ದರು. ಅವರು ಆ ಕೂಟದ ಗುರುಗಳು, ಇವಳು ಅಲ್ಲಿ ಸಂಶೋಧನೆ ಮಾಡುವ ವಿದ್ಯಾರ್ಥಿನಿ. ಆರು ವರ್ಷದ ಆ ಓದು ಮರುದಿನ ಅಚ್ಚಿಗೆ ಹೋಗುವುದಿತ್ತು. ಎರಡು ದಿನದಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಕಾರಣ ಒಂದೇ ಒಂದು ಪದ. “ಹೆಣ್ಣಿಗಕ್ಷರ ವಿದ್ಯೆ ಸ...ದು” ಎಂದು ಒಂದು ಸಾಲು. ನಡುವೆ ಹುಳು ತಿಂದು ತೂತಾಗಿತ್ತು. ಹೀಗೆ ಅಕ್ಷರ ಅಳಿದಲ್ಲಿ ಚುಕ್ಕಿ ಇಟ್ಟು ಮುಂದೆ ಹೋಗುವುದು ಕೂಟದ ಪದ್ಧತಿ. ನೀಲಾಂಬಿಕೆ ಚುಕ್ಕಿ ಇಡಲಿಲ್ಲ, “ಸಲುವುದು” ಎಂದು ತುಂಬಿದಳು. ಛಂದಸ್ಸು ಕೂಡಿಬಂತು. ಛಂದಸ್ಸು ಕೂಡಿತೆಂದರೆ ಈ ಕೂಟದವರು ಬೇರೇನೂ ಕೇಳುವವರಲ್ಲ. ಹೆಣ್ಣಿಗೆ ಓದುಬರಹ ಒಪ್ಪುತ್ತದೆ ಎಂದು ಐನೂರು ವರ್ಷದ ಹಿಂದೆಯೇ ಒಬ್ಬ ಕವಿ ಹೇಳಿದ್ದನಲ್ಲ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಊರಿಗೆ ಫೋನು ಮಾಡಿ, ಇವತ್ತಿಗೂ ಹೆಬ್ಬೆಟ್ಟು ಒತ್ತುವ ತನ್ನ ಅಮ್ಮನಿಗೆ ಆ ಸಾಲನ್ನು ಎರಡು ಸಲ ಹೇಳಿದಳು. ಅಮ್ಮ ಅತ್ತುಬಿಟ್ಟಳು.

ಆಮೇಲೆ ಹೊಳೆಯಿತು. “ಸಲ್ಲದು” ಎಂದರೂ ಛಂದಸ್ಸು ಕೂಡುತ್ತದೆ. ಎರಡೂ ನಾಲ್ಕು ಮಾತ್ರೆಯ ಪದಗಳೇ.

“ತೂತಿಗೆ ಎರಡೂ ಹಿಡಿಯುತ್ತೆ ಮೇಷ್ಟ್ರೇ. ನಾನು ಒಳ್ಳೇದನ್ನ ಆರಿಸ್ಕೊಂಡೆ ಅಷ್ಟೇ. ಈಗ ಕೂಟದ ಮುಂದೆ ಬಾಯಿಬಿಡೋಕೆ ಹೆದರಿಕೆ ಆಗುತ್ತೆ.”

“ಕೂತ್ಕೊ, ಒಂದು ಕತೆ ಹೇಳ್ತೀನಿ” ಎಂದು ಗುರುಗಳು ಶುರುಮಾಡಿದರು.

ಒಂದೂರಿನಲ್ಲಿ ಓಲೆ ಓದಿ ಹೇಳುವವನೊಬ್ಬನಿದ್ದ. ಬಹಳ ಮೆತ್ತನೆಯ ಮನಸ್ಸಿನವನು. ಸಾವಿನ ಸುದ್ದಿ ಓದಬೇಕಾದರೆ ಕೇಳುವವರಿಗಿಂತ ಮೊದಲು ಅವನೇ ಅಳುತ್ತಿದ್ದ. ಒಂದು ದಿನ ಒಬ್ಬ ವರ್ತಕನ ಹೆಂಡತಿ ಓಲೆ ತಂದಳು. ಗಂಡ ದೂರದ ರೇವುಪಟ್ಟಣಕ್ಕೆ ಹೋಗಿ ವರ್ಷ ಕಳೆದಿತ್ತು. ಓಲೆಯಲ್ಲಿ ಇದ್ದದ್ದು ಒಂದೇ ಸಾಲು: “ದೀಪಾವಳಿಗೆ ನಾನು ಬ...ನು.” ಬ ಅಕ್ಷರದ ತಲೆಯಿಂದ ಹಿಡಿದು ನಡುವಿನದನ್ನು ಹುಳು ತಿಂದಿತ್ತು. “ಬರುವೆನು” ಎಂದೂ ಆಗಬಹುದಿತ್ತು, “ಬಾರೆನು” ಎಂದೂ ಆಗಬಹುದಿತ್ತು. ಅವನು ತಲೆಯೆತ್ತಿ ನೋಡಿದ. ಹೆಂಗಸು ಉಸಿರು ಬಿಗಿಹಿಡಿದು ನಿಂತಿದ್ದಳು.

“ಬರುತ್ತಾರಂತೆ ತಾಯಿ” ಎಂದುಬಿಟ್ಟ.

ಅವಳು ಮನೆಗೆ ಸುಣ್ಣ ಬಳಿಸಿದಳು. ದೀಪಾವಳಿ ಬಂತು, ಹೋಯಿತು. ಗಂಡ ಬರಲಿಲ್ಲ. ಓಲೆ ಓದಿದವನು ಅವಳ ಮನೆಯ ಬೀದಿ ಬಿಟ್ಟು ಸುತ್ತುಬಳಸಿ ತಿರುಗಾಡತೊಡಗಿದ. ಹೇಳಿಬಿಡೋಣ ಎಂದುಕೊಂಡ, ನಾಳೆ ಹೇಳೋಣ ಎಂದುಕೊಂಡ. ಅಷ್ಟರಲ್ಲಿ ಅವಳ ತಮ್ಮ ಬಂದು, ನಾವೇ ಹೋಗಿ ನೋಡಿಕೊಂಡು ಬರೋಣ ನಡಿ ಎಂದು ಕರೆದ. ನಾನು ಅತ್ತ ಹೋದಾಗ ಅವರು ಇತ್ತ ಬಂದರೆ ಎಂದು ಅವಳು ಒಪ್ಪಲಿಲ್ಲ. ಬರುತ್ತೇನೆ ಎಂದವರನ್ನು ಕಾಯಬೇಕಲ್ಲ.

ಯುಗಾದಿಯ ಹೊತ್ತಿಗೆ ವರ್ತಕನ ಜೊತೆಗಾರರು ಊರಿಗೆ ಮರಳಿದರು. ವರ್ತಕ ಅಲ್ಲಿ ಹಾಸಿಗೆ ಹಿಡಿದಿದ್ದ, ಎದ್ದು ಬರುವ ಶಕ್ತಿ ಇರಲಿಲ್ಲ ಎಂದರು. ‘ಬಾರೆನು ಎಂದು ಬರೆಸಿದ ಮೇಲೂ ಅವಳೇಕೆ ನನ್ನನ್ನು ನೋಡಲು ಬರಲಿಲ್ಲ’ ಎಂದು ಕೇಳುತ್ತ ಕೇಳುತ್ತಲೇ ಕಣ್ಣು ಮುಚ್ಚಿದ ಎಂದರು.

ಹೆಂಗಸು ಅದೇ ಓಲೆ ಹಿಡಿದುಕೊಂಡು ಬಂದಳು. ಓದಿದವನು ಅವಳ ಕಾಲಿಗೆ ಬಿದ್ದು, “ನಿನಗೆ ನೋವಾಗಬಾರದು ಎಂದು ಹಾಗೆ ಓದಿದೆ ತಾಯಿ” ಎಂದ.

“ಅಲ್ಲಿ ತೂತಿದೆ ಎಂದಿದ್ದರೆ ಸಾಕಿತ್ತಯ್ಯಾ” ಎಂದಳು ಅವಳು, “ನಾನೇ ಹೋಗಿ ಕೇಳುತ್ತಿದ್ದೆ.”

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆ ಅಚ್ಚಿಗೆ ಹೋಗಬೇಕಾದ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡಳು. “ಸಲುವುದು” ಎಂಬುದನ್ನು ಹೊಡೆದು ಹಾಕಿ, ಸ ಮತ್ತು ದು ನಡುವೆ ಮೂರು ಚುಕ್ಕಿ ಇಟ್ಟಳು. ಇಟ್ಟ ಮೇಲೂ ಅವಳಿಗೆ ನೆಮ್ಮದಿಯಾಗಲಿಲ್ಲ. ಚಪ್ಪಾಳೆ ತಟ್ಟಿದವರನ್ನು ನಾಳೆ ಹೇಗೋ ಎದುರಿಸಬಹುದು. ಊರಿನಲ್ಲಿರುವ ಅಮ್ಮನ ಗತಿಯೇನು?

“ಕವಿ ‘ಸಲ್ಲದು’ ಅಂತಲೇ ಬರೆದಿದ್ರೆ? ನಮ್ಮಮ್ಮಂಗೆ ಈಗ ಏನಂತ ಹೇಳ್ಲಿ ಮೇಷ್ಟ್ರೇ?”

“ಅವನು ಏನಾದ್ರೂ ಬರೆದಿರ್ಲಿ ಮಗು, ಅದನ್ನ ಓದ್ತಾ ಇರೋದು ಅವಳ ಮಗಳು ಅಂತ ಹೇಳು.”