ಮೌನಪ್ಪ ಉಜ್ಜಿದ ತೊಟ್ಟಿಲು

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲ. ಹೊಳೆಯಾಚೆಯ ಒಂದೂರಲ್ಲಿ ಮೌನಪ್ಪ ಅಂತ ಒಬ್ಬ ಚಿತ್ರಗಾರನಿದ್ದನಂತೆ. ಎಂಥ ಹಳೇ ಕಟ್ಟಿಗೆ ಸಾಮಾನೂ ಅವನ ಕೈಗೆ ಬಂದರೆ ಹೊಸದಾಗುತ್ತಿತ್ತಂತೆ. ಮುರಿದದ್ದನ್ನು ಕೂಡಿಸಿ, ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಬಿರುಕು ಮುಚ್ಚಿ, ಬಣ್ಣ ಕೊಟ್ಟರೆ ಮುಗಿಯಿತು. ಅವನು ಬಣ್ಣ ಹಚ್ಚಿದ ಗಿಣಿಯ ಪಕ್ಕ ಜೀವದ ಗಿಣಿ ಬಂದು ಕೂಡುತ್ತಿತ್ತಂತೆ. ಕೂಡುತ್ತಿತ್ತೋ ಇಲ್ಲವೋ, ಜನ ಹಾಗೆ ಹೇಳುತ್ತಾರೆ.

ಆ ಊರ ದೇಸಾಯರಿಗೆ ಮೊಮ್ಮಗ ಹುಟ್ಟಿದ. ಅಟ್ಟದಲ್ಲಿದ್ದ ಹಳೇ ತೊಟ್ಟಿಲು ಇಳಿಸಿ ಮೌನಪ್ಪನಿಗೆ ಕೊಟ್ಟರು. ಬಣ್ಣ ಹಾರಿಹೋಗಿತ್ತು, ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿದ್ದವು. ಇಲಿ ಕಡಿದಿರಬೇಕು ಅಂದುಕೊಂಡು ಉಜ್ಜಿ ನುಣುಪು ಮಾಡಿದ, ಕೆಂಪು ಹಚ್ಚಿದ, ಹಂಸ ಬರೆದ. ಹೆಸರಿಡುವ ದಿನ ಕಂಡವರೆಲ್ಲ ಹೊಗಳಿದರು. ಮೌನಪ್ಪನಿಗೂ ಹಿಗ್ಗು.

ದೇಸಾಯರ ಅಕ್ಕ ಬಸಲಿಂಗವ್ವ, ಗಂಡ ತೀರಿದ ಮೇಲೆ ತವರಲ್ಲೇ ಇದ್ದ ಮುದುಕಿ, ಬಂದು ತೊಟ್ಟಿಲ ಅಂಚಿನ ಮೇಲೆ ಕೈಯಾಡಿಸಿದಳಂತೆ. ಮತ್ತೊಮ್ಮೆ ಆಡಿಸಿ, ಮೌನಪ್ಪನ ಕಡೆ ತಿರುಗಿದಳಂತೆ.

"ಇಲ್ಲೆ ಹಲ್ಲಿನ ಗುರುತಿದ್ದುವಲ್ಲೋ ತಮ್ಮಾ, ಏನ್ ಮಾಡಿದಿ?"

ಅವಳಿಗೊಂದು ಕೂಸಿತ್ತಂತೆ. ಹಲ್ಲು ಮೂಡುವಾಗ ಆ ಅಂಚನ್ನು ಕಚ್ಚುತ್ತಿತ್ತಂತೆ. ನಡೆಯಲು ಕಲಿಯುವ ಮೊದಲೇ ಹೋಯಿತು. ಅದರದ್ದೆಂದು ಉಳಿದದ್ದು ಅಷ್ಟೇ.

ಮೌನಪ್ಪ, ಉಳಿ ತಂದು ಮೊದಲಿನ ಹಾಗೇ ಮಾಡಿಕೊಡುತ್ತೇನೆ ಅಂದ.

"ಬ್ಯಾಡ. ಅವು ನಿನ್ನ ಉಳೀ ಗುರುತಾಗ್ತಾವು."

ಬೈಯಲಿಲ್ಲ. ತಮ್ಮನ ಮೊಮ್ಮಗನನ್ನು ಅದರಲ್ಲಿ ಮಲಗಿಸಿ ತಾನೇ ತೂಗಿದಳು.

ಮುಂದೆ ಮೌನಪ್ಪ ದೇವರ ಮೂರ್ತಿ ಬಂದರೆ ಮೊದಲಿನಂತೆ ಥಳಥಳ ಬಣ್ಣ ಹಚ್ಚುತ್ತಿದ್ದ. ಮನೆಯ ಸಾಮಾನಾದರೆ ಮಾತ್ರ ಕುಂಚ ಕೆಳಗಿಟ್ಟು, ಮನೆಯವರನ್ನೆಲ್ಲ ಕರೀರಿ ಅನ್ನುತ್ತಿದ್ದನಂತೆ, ಅಡುಗೆಮನೆಯಲ್ಲಿ ಇದ್ದವರನ್ನೂ. ಯಾವ ಜಾಗ ಬಿಡಲಿ ಅಂತ ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಬೇಸತ್ತ ಕೆಲವರು ಬೇರೆ ಚಿತ್ರಗಾರರ ಕಡೆ ಹೋದರು. ಅವನು ತಡೆಯಲಿಲ್ಲ.

ಆ ಕಡೆ ಈಗಲೂ ಹಳೇ ಸಾಮಾನು ರಿಪೇರಿಗೆ ತೆಗೆದರೆ, ಮನೆಮಂದಿಯೆಲ್ಲ ಅದರ ಮೇಲೊಮ್ಮೆ ಕೈಯಾಡಿಸುತ್ತಾರೆ. ಬೇಕಾದವರು ಬೇಕಾದ ಕಡೆ ನೂಲು ಸುತ್ತುತ್ತಾರೆ. ಅಲ್ಲಿ ಕುಂಚ ತಾಗಿಸುವಂತಿಲ್ಲ. ಒಂದೊಂದು ಮನೆಯಲ್ಲಿ ಸಾಮಾನಿನ ತುಂಬ ನೂಲೇ ಇರುತ್ತದೆ. ಚಿತ್ರಗಾರ ಚಹಾ ಕುಡಿದು, ಬಣ್ಣದ ಗಂಟು ಬಿಚ್ಚದೆಯೇ ಎದ್ದು ಹೋಗುತ್ತಾನೆ.